ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಪ್ರತಿ ವಿಮಾನದ ಮುಂದೆ ಒಂದು ಪ್ರಶ್ನೆ ಕೇಳಿ

ಇವತ್ತಿನ ಮಾತು ಒಂದು ಮ್ಯೂಸಿಯಂ ಬಗ್ಗೆ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ. 2001ರಲ್ಲಿ ಶುರುವಾಗಿದ್ದು. ಈಗ ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಅಂತ ಹಂಚಿಹೋಗಿರುವ ನಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸ ಮಾಡಿದ್ದು ಅದೇ ರಸ್ತೆಯ ಆಸುಪಾಸಿನಲ್ಲಿ. ಮಾರತ್‌ಹಳ್ಳಿ ಕಡೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತು, ಟ್ರಾಫಿಕ್‌ನಲ್ಲಿ ಆ ಕಾಂಪೌಂಡ್ ಗೋಡೆ ನೋಡುತ್ತಾ ದಿನ ಕಳೆದವರು. ಗೋಡೆಯ ಒಳಗೆ ಹೋಗಿ ನೋಡಿದವರು ಮಾತ್ರ ಕಡಿಮೆ.

ಹೋದವರೂ ಸಾಮಾನ್ಯವಾಗಿ ಹೇಗೆ ನೋಡ್ತಾರೆ ಅಂದರೆ, ಹೊರಗೆ ನಿಲ್ಲಿಸಿರುವ ವಿಮಾನಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ, ಒಳಗಡೆ ಫೋಟೋ ಗ್ಯಾಲರಿಯಲ್ಲಿ ಒಂದು ಸುತ್ತು, ಆಮೇಲೆ ಐಸ್‌ಕ್ರೀಮ್. ಒಂದು ಗಂಟೆಯೊಳಗೆ ಆಚೆ. ಅದರಲ್ಲೇನೂ ತಪ್ಪಿಲ್ಲ. ಆದರೆ ಆ ಜಾಗ ನಿಜವಾಗಿ ಏನು ಹೇಳುತ್ತಿದೆ ಅಂತ ಗೊತ್ತಾಗಬೇಕಾದರೆ ಒಂದು ಉಪಾಯ ಇದೆ. ಪ್ರತಿ ವಿಮಾನದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಇದರ ಎಂಜಿನ್ ಯಾರದು? ಅಷ್ಟೇ. ಎಂಬತ್ತು ವರ್ಷದ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಈ ಕಾರ್ಖಾನೆ ಇಲ್ಲಿ ಹೇಗೆ ಬಂತು ಅಂತ ಎರಡು ಮಾತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನುವ ಉದ್ಯಮಿ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಜಾಗ ಕೊಟ್ಟಿದ್ದು, ಬಂಡವಾಳದಲ್ಲಿ ಪಾಲು ಹಾಕಿದ್ದು ಮೈಸೂರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಹಾರ್ಲೋ ಅನ್ನುವ ಅಮೆರಿಕದ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ಯುದ್ಧ ಜೋರಾದಾಗ 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನೆಯ ವಾಯುವಿಭಾಗಕ್ಕೆ ಒಪ್ಪಿಸಿದರು, ರಿಪೇರಿ ಕೆಲಸಕ್ಕೆ. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ. ಹೌದು, ನೊರೆ ಬರುವ ಅದೇ ಕೆರೆ. ರಿಂಗ್ ರೋಡಿನ ಆಫೀಸಿನ ಕಿಟಕಿಯಿಂದ ನೀವು ನೋಡಿದ್ದು.

ಅಂದರೆ ಶುರುವಿನಿಂದಲೂ ನಮ್ಮ ಕೈ ಪಳಗಿದ್ದು ಜೋಡಿಸುವುದರಲ್ಲಿ, ರಿಪೇರಿಯಲ್ಲಿ. ಅಲ್ಲಿಂದ ಸ್ವಂತ ವಿನ್ಯಾಸಕ್ಕೆ ದಾಟಿದ್ದು ಎಚ್‌ಟಿ-2 ಅನ್ನುವ ಪುಟ್ಟ ತರಬೇತಿ ವಿಮಾನದಲ್ಲಿ. 1951ರ ಆಗಸ್ಟ್‌ನಲ್ಲಿ ಮೊದಲ ಹಾರಾಟ. ವಿನ್ಯಾಸ ಮಾಡಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗನ್‌ನಲ್ಲಿ ಪ್ರಾಂಟ್ಲ್ ಬಳಿ ಕಲಿತು ಬಂದು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು. ನಮ್ಮ ದೇಶದ ಪೈಲಟ್‌ಗಳ ಒಂದೆರಡು ತಲೆಮಾರು ಹಾರಲು ಕಲಿತದ್ದೇ ಎಚ್‌ಟಿ-2ರಲ್ಲಿ. ಈಗ ಪ್ರಶ್ನೆ ಕೇಳಿ. ಎಂಜಿನ್ ಯಾರದು? ಬ್ರಿಟನ್ನಿನ ಬ್ಲ್ಯಾಕ್‌ಬರ್ನ್ ಕಂಪನಿಯ ಸಿರಸ್ ಮೇಜರ್.

ಮುಂದಿನದ್ದಕ್ಕೆ ಹೋಗಿ. ಕಿರಣ್, 1964ರಲ್ಲಿ ಹಾರಿದ ಜೆಟ್ ತರಬೇತಿ ವಿಮಾನ. ಎಂಜಿನ್ ಬ್ರಿಟನ್ನಿನ ವೈಪರ್. ಬಸಂತ್, ಹೊಲಕ್ಕೆ ಔಷಧಿ ಸಿಂಪಡಿಸಲು ಮಾಡಿದ್ದು. ಎಂಜಿನ್ ಅಮೆರಿಕದ ಲೈಕಮಿಂಗ್. ಅಜೀತ್, ಬ್ರಿಟನ್ನಿನ ನ್ಯಾಟ್ ವಿಮಾನವನ್ನು ನಾವು ಸುಧಾರಿಸಿದ್ದು. ಎಂಜಿನ್ ಆರ್ಫಿಯಸ್, ಅದೂ ಬ್ರಿಟನ್ನಿನದು. ನೋಡ್ತಾ ಹೋದ ಹಾಗೆ ಬೋರ್ಡ್ ಓದುವ ಮೊದಲೇ ಉತ್ತರ ಊಹಿಸಬಹುದು ಅನ್ನಿಸುತ್ತದೆ.

ಆಮೇಲೆ ಮಾರುತ್ ಮುಂದೆ ಬನ್ನಿ. ಎಚ್‌ಎಫ್-24 ಮಾರುತ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಪಕ್ಕಕ್ಕೆ ಹೋಗಿ ನೋಡಿದರೆ ಉದ್ದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನಡು ಸಣ್ಣ. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತದೆ. ನನ್ನ ಕಣ್ಣಿಗೆ ಆ ಅಂಗಳದಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. 1950ರ ದಶಕದಲ್ಲಿ ವಾಯುಪಡೆ ಕೇಳಿದ್ದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗುವ ಯುದ್ಧವಿಮಾನ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕೂಡ ಆಗಿರಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿದರು. ಎರಡನೇ ಮಹಾಯುದ್ಧದ ಹೆಸರಾಂತ ಫೋಕೆ-ವುಲ್ಫ್ 190 ವಿಮಾನ ಮಾಡಿದವರು, ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ಕೆಲಸ ಮಾಡಿದ್ದವರು. 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಆಗ ಇಲ್ಲಿ ಇಂಥ ಕೆಲಸ ಮಾಡಿ ಅನುಭವ ಇದ್ದ ಎಂಜಿನಿಯರ್‌ಗಳು ಬೆರಳೆಣಿಕೆ. ಮೊದಲು ಅದೇ ಆಕಾರದ ಒಂದು ಮರದ ಗ್ಲೈಡರ್ ಮಾಡಿದರು, ಎಂಜಿನ್ ಇಲ್ಲದ್ದು. ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಟ್ಟು, ಅದು ಹೇಗೆ ಹಾರುತ್ತೆ ಅಂತ ಪರೀಕ್ಷೆ ಮಾಡಿದರು. ಕಂಪ್ಯೂಟರ್ ಸಿಮ್ಯುಲೇಶನ್ ಇಲ್ಲದ ಕಾಲದ ಪ್ರೋಟೋಟೈಪ್ ಅದು. 1961ರ ಜೂನ್‌ನಲ್ಲಿ ನಿಜವಾದ ಮಾರುತ್ ಹಾರಿತು. ಐದು ವರ್ಷದಲ್ಲಿ!

ಪೈಲಟ್ ಸುರಂಜನ್ ದಾಸ್. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಬರುವ ಸುರಂಜನ್ ದಾಸ್ ರಸ್ತೆ ಇವರದೇ. ಕ್ಯಾಬ್ ಡ್ರೈವರ್‌ಗೆ ನೂರು ಸಲ ಹೇಳಿರುತ್ತೀವಿ. ಈ ಹೆಸರಿನವರು ಯಾರು ಅಂತ ಯೋಚಿಸಿರುವುದಿಲ್ಲ.

ಈಗ ಅದೇ ಪ್ರಶ್ನೆ. ಮಾರುತ್ ವಿನ್ಯಾಸ ಮಾಡಿದ್ದು ಆರ್ಫಿಯಸ್‌ನ ಒಂದು ಹೊಸ, ಬಲವಾದ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ಅದನ್ನು ಅಭಿವೃದ್ಧಿ ಮಾಡುತ್ತಿತ್ತು. ಆಫ್ಟರ್‌ಬರ್ನರ್ ಹಾಕಿದರೆ ಒಂದೊಂದು ಎಂಜಿನ್ ಸುಮಾರು 3,700 ಕೆ.ಜಿ. ನೂಕುಬಲ ಕೊಡಬೇಕಿತ್ತು. ಆಫ್ಟರ್‌ಬರ್ನರ್ ಅಂದರೆ ಎಂಜಿನ್‌ನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು ಉರಿಸುವುದು. ಇಂಧನ ಸಿಕ್ಕಾಪಟ್ಟೆ ಕುಡಿಯುತ್ತದೆ, ಆದರೆ ಶಬ್ದದ ವೇಗ ದಾಟಿಸುತ್ತದೆ. ಆಮೇಲೆ ಬ್ರಿಟನ್ನಿಗೆ ಆ ಎಂಜಿನ್ ಬೇಡವಾಯಿತು. ಬೇಕಿದ್ದರೆ ಉಳಿದ ಅಭಿವೃದ್ಧಿಯ ಖರ್ಚು ಭಾರತವೇ ಕೊಡಲಿ ಅಂದರು. ದೆಹಲಿ ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಹಳೆಯ ಆರ್ಫಿಯಸ್ 703. ಆಫ್ಟರ್‌ಬರ್ನರ್ ಇಲ್ಲ, ಒಂದೊಂದಕ್ಕೆ ಸುಮಾರು 2,200 ಕೆ.ಜಿ. ನೂಕುಬಲ. ಲೆಕ್ಕ ಹಾಕಿ ನೋಡಿ, ಬೇಕಿದ್ದ ಬಲದಲ್ಲಿ ಶೇ. 40ರಷ್ಟು ಖೋತಾ. ಎರಡು ಪಟ್ಟು ಶಬ್ದವೇಗಕ್ಕೆ ಅಂತ ಕಟ್ಟಿದ ದೇಹ ಶಬ್ದದ ವೇಗವನ್ನು ದಾಟಿದ್ದೇ ಕಷ್ಟದಿಂದ.

ಪ್ರಯತ್ನ ಬಿಡಲಿಲ್ಲ, ಅದನ್ನು ಹೇಳಬೇಕು. ಈಜಿಪ್ಟ್ ಆಗ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಕೈಯಲ್ಲಿ ಇ-300 ಅನ್ನುವ ಎಂಜಿನ್ ಮಾಡಿಸುತ್ತಿತ್ತು. ನಾವೂ ಕೈಜೋಡಿಸಿದೆವು. ಒಂದು ಮಾರುತ್ ಅಲ್ಲಿಗೆ ಹೋಯಿತು, ಆ ಎಂಜಿನ್ ಕಟ್ಟಿಕೊಂಡು 1967ರಲ್ಲಿ ಹಾರಿತು ಕೂಡ. ಈಜಿಪ್ಟಿನದೇ ಯುದ್ಧವಿಮಾನ ಎಚ್‌ಎ-300ರ ಮೊದಲ ಹಾರಾಟ ನಡೆಸಿದವರು ಭಾರತದ ಪೈಲಟ್ ಕಪಿಲ್ ಭಾರ್ಗವ. ಆದರೆ 1967ರ ಯುದ್ಧದಲ್ಲಿ ಈಜಿಪ್ಟ್ ನೆಲಕಚ್ಚಿತು, 1969ರಲ್ಲಿ ಯೋಜನೆ ಮುಚ್ಚಿತು. (ಹೈದರಾಬಾದ್‌ನವರಿಗೆ ಒಂದು ಮಾತು: ಈ ಬ್ರಾಂಡ್ನರ್ ಯುದ್ಧಾನಂತರ ಸೋವಿಯತ್ ಸೆರೆಯಲ್ಲಿದ್ದಾಗ ಕೆಲಸ ಮಾಡಿದ ಎಂಜಿನ್ ಮುಂದೆ ಎನ್‌ಕೆ-12 ಆಯಿತು. ಅದನ್ನು ನೋಡಬೇಕಿದ್ದರೆ ರಾತ್ರಿ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿ. ಸಮುದ್ರದ ದಂಡೆಯಲ್ಲಿ ಮ್ಯೂಸಿಯಂ ಆಗಿ ನಿಂತಿರುವ ನೌಕಾಪಡೆಯ ಟಿಯು-142ಕ್ಕೆ ಇರುವುದು ಅದೇ ಎಂಜಿನ್.)

ಇತ್ತ ಬೆಂಗಳೂರಿನಲ್ಲಿ ಆರ್ಫಿಯಸ್‌ಗೆ ನಾವೇ ಆಫ್ಟರ್‌ಬರ್ನರ್ ಜೋಡಿಸುವ ಕೆಲಸ ನಡೆದಿತ್ತು. 1970ರ ಜನವರಿ 10ರಂದು ಅಂಥ ಒಂದು ಮಾರುತ್ ಪರೀಕ್ಷೆಗೆ ಹೊರಟು, ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಬಿತ್ತು. ಓಡಿಸುತ್ತಿದ್ದವರು ಸುರಂಜನ್ ದಾಸ್. ಉಳಿಯಲಿಲ್ಲ. ಆ ರಸ್ತೆಗೆ ಹೆಸರು ಬಂದದ್ದು ಹೀಗೆ. ಒಂಬತ್ತು ವರ್ಷದ ಹಿಂದೆ ಅದೇ ರನ್‌ವೇಯಿಂದ ಮೊದಲ ಮಾರುತ್ ಅನ್ನು ಮೇಲೆ ಒಯ್ದಿದ್ದವರು.

ಮಾರುತ್ ಸೋತ ವಿಮಾನ ಅಂತ ಮಾತ್ರ ಅಂದುಕೊಳ್ಳಬೇಡಿ. ಒಟ್ಟು 147 ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ, ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ಕೆಲಸದಲ್ಲಿ ಚೆನ್ನಾಗಿಯೇ ದುಡಿಯಿತು. ಒಂದು ಎಂಜಿನ್ ಗುಂಡೇಟಿಗೆ ಹೋದರೂ ಇನ್ನೊಂದರಲ್ಲೇ ಮನೆಗೆ ಮರಳಿದ ಮಾರುತ್‌ಗಳಿವೆ. ದೇಹ ಗಟ್ಟಿ, ಹಾರಾಟ ನಯ. 1990ರ ಹೊತ್ತಿಗೆ ಸೇವೆಯಿಂದ ಇಳಿಸಿದರು. ಕೊರತೆ ಇದ್ದದ್ದು ಒಂದೇ ಕಡೆ. ಮ್ಯೂಸಿಯಂನಲ್ಲಿ ಹಿಂಬದಿಗೆ ಹೋಗಿ ಆ ಎರಡು ಕೊಳವೆ ಬಾಯಿಗಳನ್ನು ನೋಡಿ. ಇಡೀ ಕಥೆ ಇರುವುದು ಅಲ್ಲೇ.

ಹಾಗಾದರೆ ಎಂಜಿನ್ ಮಾಡುವುದು ಅಷ್ಟು ಕಷ್ಟವಾ? ಇದಕ್ಕೆ ಉತ್ತರ ಒಳಗಿನ ಎಂಜಿನ್ ಹಾಲ್‌ನಲ್ಲಿದೆ. ಅಲ್ಲಿ ಎಂಜಿನ್‌ಗಳನ್ನು ಉದ್ದಕ್ಕೆ ಸೀಳಿ ಒಳಗು ಕಾಣುವ ಹಾಗೆ ಇಟ್ಟಿದ್ದಾರೆ. ಜನ ಬೇಗ ದಾಟಿ ಹೋಗುವ ಹಾಲ್ ಇದು. ನಾನು ಹೋದಾಗಲೆಲ್ಲ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಮುಂಭಾಗದಲ್ಲಿ ಸಾಲುಸಾಲು ಬ್ಲೇಡ್‌ಗಳು ಗಾಳಿಯನ್ನು ಒತ್ತುತ್ತವೆ, ಅದು ಕಂಪ್ರೆಸರ್. ನಡುವೆ ಇಂಧನ ಉರಿಯುತ್ತದೆ. ಹಿಂದೆ ಟರ್ಬೈನ್, ಬಿಸಿ ಗಾಳಿ ಅದನ್ನು ತಿರುಗಿಸಿಕೊಂಡು ಹೊರಗೆ ನುಗ್ಗುತ್ತದೆ. ಟರ್ಬೈನ್ ತಿರುಗಿದ ಬಲದಿಂದಲೇ ಮುಂದಿನ ಕಂಪ್ರೆಸರ್ ತಿರುಗುವುದು. ತತ್ವ ಇಷ್ಟೇ, ಪಿಯುಸಿ ಹುಡುಗನಿಗೂ ಹೇಳಬಹುದು. ಕಷ್ಟ ಇರುವುದು ಆ ಟರ್ಬೈನ್ ಬ್ಲೇಡ್‌ನಲ್ಲಿ. ಇವತ್ತಿನ ಯುದ್ಧವಿಮಾನದ ಎಂಜಿನ್‌ನಲ್ಲಿ ಆ ಬ್ಲೇಡ್‌ಗೆ ಬಡಿಯುವ ಗಾಳಿಯ ಬಿಸಿ, ಬ್ಲೇಡ್ ಮಾಡಿದ ಲೋಹ ಕರಗುವ ಬಿಸಿಗಿಂತ ಜಾಸ್ತಿ! ಮಂಜುಗಡ್ಡೆಯ ಸೌಟಿನಲ್ಲಿ ಕುದಿಯುವ ಸಾರು ಕಲಕಬೇಕು, ಸೌಟು ಕರಗಬಾರದು, ಅದೂ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಮೇಲೆ. ಅದಕ್ಕೇ ಬ್ಲೇಡ್‌ನ ಹೊಟ್ಟೆಯೊಳಗೆ ಸಣ್ಣ ಸಣ್ಣ ಓಣಿಗಳನ್ನು ಬಿಟ್ಟು, ಕಂಪ್ರೆಸರ್‌ನಿಂದ ಕದ್ದ ಗಾಳಿಯನ್ನು ಅದರೊಳಗೆ ಹರಿಸುತ್ತಾರೆ. ಮೈಮೇಲಿನ ರಂಧ್ರಗಳಿಂದ ಆ ಗಾಳಿ ಹೊರಬಂದು ಬ್ಲೇಡ್‌ಗೆ ಒಂದು ತೆಳು ಹೊದಿಕೆ ಆಗುತ್ತದೆ.

ಲೋಹವೂ ಮಾಮೂಲಿ ಅಲ್ಲ. ಸಾಮಾನ್ಯ ಲೋಹ ರವೆ ಉಂಡೆಯ ಹಾಗೆ, ಅಸಂಖ್ಯ ಹರಳು ಒತ್ತೊತ್ತಾಗಿ ಕೂತಿರುತ್ತವೆ. ಬಿಸಿಯಲ್ಲಿ ಎಳೆದಾಗ ಹರಳು-ಹರಳಿನ ನಡುವಿನ ಗೆರೆಯಲ್ಲಿ ಬಿಡುತ್ತದೆ. ಆದ್ದರಿಂದ ಇಡೀ ಬ್ಲೇಡ್ ಒಂದೇ ಹರಳಾಗಿರುವಂತೆ ಎರಕ ಹೊಯ್ಯುತ್ತಾರೆ. ಈ ವಿದ್ಯೆ ಜಗತ್ತಿನಲ್ಲಿ ಕೆಲವೇ ದೇಶಗಳಲ್ಲಿದೆ. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ 2021ರಲ್ಲಿ ಹೆಲಿಕಾಪ್ಟರ್ ಎಂಜಿನ್‌ಗೆ ಇಂಥ 60 ಬ್ಲೇಡ್ ಮಾಡಿ ಎಚ್‌ಎಎಲ್‌ಗೆ ಕೊಟ್ಟಿತು. ಪತ್ರಿಕೆಯಲ್ಲಿ ಮೂಲೆ ಸುದ್ದಿ. ನನ್ನ ಪ್ರಕಾರ ಅದು ಮುಖಪುಟದ್ದು.

ಇನ್ನೊಂದು ವಿಷಯ ನಮ್ಮ ಕ್ಷೇತ್ರದವರಿಗೆ ತಕ್ಷಣ ಅರ್ಥ ಆಗುತ್ತದೆ. ಆರ್ಫಿಯಸ್ ಅನ್ನು ಲೈಸೆನ್ಸ್ ಪಡೆದು ಬೆಂಗಳೂರಿನಲ್ಲೇ ತಯಾರಿಸುತ್ತಿದ್ದೆವು. ಹಾಗಿದ್ದ ಮೇಲೆ ಮುಂದಿನ ಎಂಜಿನ್ ನಾವೇ ಮಾಡಬಹುದಿತ್ತಲ್ಲ? ಆಗಲ್ಲ. ಡ್ರಾಯಿಂಗ್ ಬಂದಿರುತ್ತದೆ, ಈ ಅಳತೆಗೆ ಕೊರೆ ಅಂತ. ಯಾಕೆ ಆ ಅಳತೆ, ಹಿಂದೆ ಯಾವ ಅಳತೆ ಇಟ್ಟು ಒಡೆದು ಹೋಗಿತ್ತು, ಅದು ಡ್ರಾಯಿಂಗ್‌ನಲ್ಲಿ ಇರುವುದಿಲ್ಲ. ಹತ್ತು ವರ್ಷ ಬೇರೆಯವರ ಕೋಡ್ ಮೇಂಟೇನ್ ಮಾಡಿದ ತಂಡಕ್ಕೆ ಅದನ್ನು ಮೊದಲಿನಿಂದ ಬರೆಯಿರಿ ಅಂದರೆ ಏನಾಗುತ್ತೆ, ನಿಮಗೇ ಗೊತ್ತು. ಹಾಗಂತ ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. 1960ರ ದಶಕದಲ್ಲೇ ಎಚ್‌ಎಎಲ್ ಎಂಜಿನಿಯರ್‌ಗಳು ಕಿರಣ್‌ಗಾಗಿ ಎಚ್‌ಜೆಇ-2500 ಅನ್ನುವ ಜೆಟ್ ಎಂಜಿನ್ ವಿನ್ಯಾಸ ಮಾಡಿ ನೆಲದ ಮೇಲೆ ಓಡಿಸಿದ್ದರು. ಅದು ಉತ್ಪಾದನೆಗೆ ಹೋಗಲಿಲ್ಲ. ವೈಪರ್ ಕೈಗೆ ಸಿಗುತ್ತಿತ್ತಲ್ಲ.

ಇದೆಲ್ಲ ಹಳೇ ಕಥೆ ಅಂದುಕೊಂಡರೆ, ತೇಜಸ್‌ಗೆ ಬನ್ನಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದಕ್ಕೆ ಅಂತಲೇ ಸಿ.ವಿ. ರಾಮನ್ ನಗರದ ಜಿಟಿಆರ್‌ಇ ಸಂಸ್ಥೆ ಕಾವೇರಿ ಎಂಜಿನ್ ಮಾಡುತ್ತಿತ್ತು. 1989ರಲ್ಲಿ ಮಂಜೂರಾದದ್ದು. ಗುರಿ 81 ಕಿಲೋನ್ಯೂಟನ್ ನೂಕುಬಲ. ಆ ಬಲ ಬರಲಿಲ್ಲ, ತೂಕ ಹೆಚ್ಚಾಯಿತು. ಎತ್ತರದ ಹಾರಾಟದಲ್ಲಿ ಎಂಜಿನ್ ಪರೀಕ್ಷೆ ಮಾಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲದ್ದರಿಂದ 2010ರಲ್ಲಿ ಅದನ್ನು ರಷ್ಯಾಕ್ಕೆ ಹೊತ್ತು, ಅಲ್ಲಿನ ಸಾಗಣೆ ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಿದರು. ಅಷ್ಟು ಹೊತ್ತಿಗೆ, 2008ರಲ್ಲೇ, ತೇಜಸ್‌ನಿಂದ ಕಾವೇರಿಯನ್ನು ಬೇರ್ಪಡಿಸಿ ಆಗಿತ್ತು. ತೇಜಸ್ ಹಾರುವುದು ಅಮೆರಿಕದ ಜಿಇ ಎಫ್404 ಎಂಜಿನ್‌ನಲ್ಲಿ. 2021ರಲ್ಲಿ ವಾಯುಪಡೆ 83 ತೇಜಸ್ ಮಾರ್ಕ್-1ಎ ಬೇಕು ಅಂತ ಆರ್ಡರ್ ಕೊಟ್ಟಿತು, ಅದೇ ವರ್ಷ 99 ಎಂಜಿನ್‌ಗೆ ಆರ್ಡರ್ ಹೋಯಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್ ಕೊನೆಗೆ. ಮಾರುತ್ ಮುಂದೆ ನಿಂತು ಇದನ್ನು ನೆನೆಸಿಕೊಂಡರೆ, ಆ ವಿಮಾನ ಯಾಕೋ ಅಷ್ಟು ಹಳೆಯದು ಅನ್ನಿಸುವುದಿಲ್ಲ.

ಅಂಗಳದಲ್ಲಿ ಪಿಎಸ್‌ಎಲ್‌ವಿ ರಾಕೆಟ್ಟಿನ ತುದಿಯಲ್ಲಿರುವ ಶಾಖ ಕವಚ ಇದೆ. ಉಪಗ್ರಹವನ್ನು ಒಳಗಿಟ್ಟುಕೊಂಡು ಗಾಳಿಯ ಬಿಸಿಯಿಂದ ಕಾಪಾಡುವ ಟೋಪಿ. ಇಸ್ರೋಗೆ ರಾಕೆಟ್ಟಿನ ಭಾಗಗಳನ್ನು ಎಚ್‌ಎಎಲ್ ಮಾಡಿಕೊಡುತ್ತದೆ, ಹಾಗಾಗಿ ಅದು ಇಲ್ಲಿದೆ. ಇಲ್ಲೂ ಅದೇ ಪ್ರಶ್ನೆ ಕೇಳಿ. ಉತ್ತರ ಬೇರೆ ಬರುತ್ತದೆ.

ಪಿಎಸ್‌ಎಲ್‌ವಿಯ ಎರಡನೇ ಹಂತದ ಎಂಜಿನ್ ವಿಕಾಸ್. ಮೂಲ ಫ್ರಾನ್ಸಿನ ವೈಕಿಂಗ್. 1974ರಲ್ಲಿ ಫ್ರಾನ್ಸಿನ ಎಸ್‌ಇಪಿ ಕಂಪನಿ ಜೊತೆ ಒಪ್ಪಂದ ಆಯಿತು. ನಮ್ಮಲ್ಲಿ ಕೊಡಲು ದುಡ್ಡಿರಲಿಲ್ಲ, ಜನ ಇದ್ದರು. ಇಸ್ರೋ ಎಂಜಿನಿಯರ್‌ಗಳು ಅಲ್ಲಿಗೆ ಹೋಗಿ ಒಟ್ಟು 100 ಮಾನವ-ವರ್ಷಗಳ ಕೆಲಸ ಮಾಡಿಕೊಡುವುದು, ಬದಲಿಗೆ ತಂತ್ರಜ್ಞಾನ. ನಾವೆಲ್ಲ ಮ್ಯಾನ್-ಇಯರ್ ಲೆಕ್ಕ ಹಾಕುವುದು ಬಿಲ್ಲಿಂಗ್‌ಗೆ. ಅವರು ಆನ್‌ಸೈಟ್ ಹೋಗಿ ಎಂಜಿನ್ ತಂದರು. ಗಮನಿಸಿ, ಅವರು ಹೋದದ್ದು ಫ್ರೆಂಚರು ಇನ್ನೂ ವಿನ್ಯಾಸ ಮಾಡುತ್ತಿದ್ದಾಗ. ಯಾವ ಅಳತೆ ಯಾಕೆ ಅನ್ನುವ ವಾದ ನಡೆಯುವಾಗ ಕೋಣೆಯಲ್ಲಿ ನಮ್ಮವರೂ ಇದ್ದರು.

ಕ್ರಯೋಜೆನಿಕ್ ಎಂಜಿನ್‌ನದ್ದು ಇನ್ನೊಂದು ಥರ. ರಷ್ಯಾ ಕೊಡುತ್ತೇನೆ ಅಂದಿತ್ತು, ಅಮೆರಿಕದ ಒತ್ತಡಕ್ಕೆ 1993ರಲ್ಲಿ ತಂತ್ರಜ್ಞಾನ ಕೊಡುವುದಿಲ್ಲ, ತಯಾರಾದ ಎಂಜಿನ್ ಮಾತ್ರ ಅಂತ ಹಿಂದೆ ಸರಿಯಿತು. 2010ರ ಏಪ್ರಿಲ್‌ನಲ್ಲಿ ಸ್ವಂತ ಕ್ರಯೋಜೆನಿಕ್ ಹಂತದ ಮೊದಲ ಹಾರಾಟ ವಿಫಲ. 2014ರ ಜನವರಿ 5ರಂದು ಯಶಸ್ಸು. ಇಪ್ಪತ್ತು ವರ್ಷ ಹಿಡಿಯಿತು, ನಡುವೆ ಯಾರೂ ಬಾಗಿಲು ಹಾಕಲಿಲ್ಲ.

ಇದನ್ನು ಕೇಳಿದ ತಕ್ಷಣ ಇಸ್ರೋದವರು ಜಾಣರು, ವಿಮಾನದವರು ದಡ್ಡರು ಅನ್ನುವ ವಾಟ್ಸಾಪ್ ತೀರ್ಮಾನಕ್ಕೆ ಬರಬೇಡಿ. ವಿಕಾಸ್ ಒಂದು ಸಲ ಎರಡೂವರೆ ನಿಮಿಷದ ಆಸುಪಾಸು ಉರಿದರೆ ಅದರ ಕೆಲಸ ಮುಗಿಯಿತು. ಜೆಟ್ ಎಂಜಿನ್ ಸಾವಿರಾರು ಗಂಟೆ, ದಿನಾ ಹೊತ್ತಿಸಿ ಆರಿಸಿ, ಮರಳುಗಾಡಿನ ಧೂಳು ನುಂಗಿ, ಪೈಲಟ್ ಒಮ್ಮೆಲೇ ಥ್ರಾಟಲ್ ಎಳೆದರೂ ಸುಮ್ಮನಿರಬೇಕು. ಎರಡೂ ಕಷ್ಟ, ಆದರೆ ಬೇರೆ ಬೇರೆ ಕಷ್ಟ. ನಿಜವಾಗಿ ಹೋಲಿಸಬೇಕಾದ್ದು ತಾಳ್ಮೆಯನ್ನು. ಒಂದು ಕಡೆ ಹೊರಗಿನದು ಸಿಗಲೇ ಇಲ್ಲ, ಆದ್ದರಿಂದ ಬೇರೆ ದಾರಿ ಇರಲಿಲ್ಲ. ಇನ್ನೊಂದು ಕಡೆ ಪ್ರತಿ ಸಲವೂ ಏನೋ ಒಂದು ಎಂಜಿನ್ ಸಿಗುತ್ತಿತ್ತು, ಸ್ವಲ್ಪ ಕಡಿಮೆಯದ್ದು, ಸ್ವಲ್ಪ ತಡವಾಗಿ. ಸಿಕ್ಕಾಗೆಲ್ಲ ಸ್ವಂತದ್ದು ಹಿಂದೆ ಬಿತ್ತು.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ. ವಿಮಾನಗಳು ಬಯಲಲ್ಲಿವೆ, ಮಧ್ಯಾಹ್ನ ಬಿಸಿಲು ತಡೆಯಲು ಆಗಲ್ಲ. ಮೊದಲು ಎಂಜಿನ್ ಹಾಲ್ ಮುಗಿಸಿ ಆಮೇಲೆ ಹೊರಗೆ ಬನ್ನಿ, ಕಣ್ಣು ಬೇರೆಯಾಗಿರುತ್ತದೆ. ಈ ಸಲ ಊರಿಗೆ ಹೋಗಲು ಆಗದಿದ್ದರೂ ಮಾರುತ್ ನಿಮ್ಮ ಹತ್ತಿರವೇ ಇರಬಹುದು. ದೆಹಲಿಯವರಿಗೆ ಪಾಲಂನ ವಾಯುಪಡೆ ಮ್ಯೂಸಿಯಂ ಇದೆ. ಮುಂಬೈಯವರಿಗೆ ವರಳಿಯ ನೆಹರೂ ಸೈನ್ಸ್ ಸೆಂಟರ್. ಬೆಂಗಳೂರಿನಲ್ಲೇ ಇನ್ನೊಂದು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿದೆ, ಶಾಲೆ ಟ್ರಿಪ್‌ನಲ್ಲಿ ನೋಡಿರುತ್ತೀರಿ. ಆನ್‌ಸೈಟ್ ಅಂತ ಮ್ಯೂನಿಕ್‌ಗೆ ಹೋದವರು ಊರಾಚೆಯ ಶ್ಲೈಸ್‌ಹೈಮ್‌ಗೆ ಹೋಗಿ. ಕುರ್ಟ್ ಟ್ಯಾಂಕ್ ನಾಡಿನಲ್ಲೂ ಬೆಂಗಳೂರಿನ ಒಂದು ಮಾರುತ್ ಇಟ್ಟುಕೊಂಡಿದ್ದಾರೆ.

ಮಕ್ಕಳ ಜೊತೆ ಹೋದರೆ ಎಚ್‌ಎಎಲ್‌ನಲ್ಲಿ ಲಕ್ಷ್ಯವನ್ನು ಹುಡುಕಲು ಹೇಳಿ. ಪೈಲಟ್ ಇಲ್ಲದ, ಕಿತ್ತಳೆ ಅಥವಾ ಕೆಂಪು ಬಣ್ಣದ ಸಣ್ಣ ವಿಮಾನ. ಸೈನಿಕರು ಗುರಿ ಅಭ್ಯಾಸ ಮಾಡಲು ಬಳಸುವುದು. ಯಾರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವುದಿಲ್ಲ. ಅದರ ಹೊಟ್ಟೆಯ ಕೆಳಗಿರುವ ಪುಟ್ಟ ಜೆಟ್ ಎಂಜಿನ್ ಹೆಸರು ಪಿಟಿಎಇ-7. ವಿನ್ಯಾಸ ಮಾಡಿದ್ದೂ, ತಯಾರಿಸಿದ್ದೂ ಎಚ್‌ಎಎಲ್, ಬೆಂಗಳೂರು.

ಮುಂದಿನ ಮಾತುಕತೆ ತಿರುವನಂತಪುರದ ಹತ್ತಿರದ ತುಂಬಾ ಬಗ್ಗೆ. ಚರ್ಚಿನೊಳಗಿನ ರಾಕೆಟ್ ಮ್ಯೂಸಿಯಂ. ಚೆನ್ನೈಯವರು ರೈಲು ಟಿಕೆಟ್ ನೋಡಿಟ್ಟುಕೊಳ್ಳಿ.